ಹಳಿಯ ಮೇಲೆ ಬಂದ ಮೀಟರು

ಒಂದು ಸರಳ ಪ್ರಶ್ನೆಯಿಂದ ಆರಂಭಿಸೋಣ. ದಾವಣಗೆರೆಗೆ ಮೀಟರು ಬಂದದ್ದು ಯಾವಾಗ?

ಬಟ್ಟೆ ಅಂಗಡಿಯ ಹಿರಿಯರನ್ನು ಕೇಳಿ ನೋಡಿ. ಗಜ ಹೋಗಿ ಮೀಟರು ಬಂದದ್ದು 1960ರ ಆಸುಪಾಸಿನಲ್ಲಿ ಎಂದು ಹೇಳುತ್ತಾರೆ. ಪಠ್ಯಪುಸ್ತಕ ತೆರೆದರೆ, ದೇಶದಲ್ಲಿ ಮೆಟ್ರಿಕ್ ಪದ್ಧತಿಗಾಗಿ ಕಾನೂನಾದದ್ದು 1956ರಲ್ಲಿ ಎಂದಿರುತ್ತದೆ. ಎರಡೂ ಸರಿಯೇ. ಆದರೆ ಇವೆರಡಕ್ಕಿಂತ ಸುಮಾರು ಎಪ್ಪತ್ತು ವರ್ಷ ಮೊದಲೇ ಮೀಟರು ದಾವಣಗೆರೆಗೂ ಹರಿಹರಕ್ಕೂ ಬಂದು ಮುಟ್ಟಿತ್ತು. ಅದು ಅಳತೆಗೋಲಿನ ಮೇಲೆ ಬರಲಿಲ್ಲ, ಎರಡು ಉಕ್ಕಿನ ಹಳಿಗಳ ನಡುವೆ ಮಲಗಿಕೊಂಡು ಬಂತು. ಬೇಲೆಕಾಳನ್ನು ಸೇರಿನಲ್ಲಿ, ಬಟ್ಟೆಯನ್ನು ಗಜದಲ್ಲಿ, ದಾರಿಯನ್ನು ಮೈಲಿಯಲ್ಲಿ ಅಳೆಯುತ್ತಿದ್ದ ಊರಿನೊಳಗೆ ಒಂದೇ ಒಂದು ಮೀಟರು ಬಂದು ಕುಳಿತಿತು. ಅದರ ಪಾಡಿಗೆ ಅದು ರೈಲನ್ನು ಹೊತ್ತಿತು.

ಇನ್ನೂ ಸ್ವಾರಸ್ಯದ ಸಂಗತಿಯಿದೆ. ದೇಶವೆಲ್ಲ ಮೀಟರನ್ನು ಒಪ್ಪಿಕೊಂಡು, ಶಾಲೆಯ ಮಕ್ಕಳೆಲ್ಲ ಅದನ್ನೇ ಕಲಿತ ಮೇಲೆ, 1990ರ ದಶಕದಲ್ಲಿ, ಆ ಮೀಟರನ್ನು ಹಳಿಗಳ ನಡುವಿನಿಂದ ಕಿತ್ತುಹಾಕಲಾಯಿತು! ಯಾರಿಗೂ ಬೇಡವಾಗಿದ್ದಾಗ ಬಂದದ್ದು ಎಲ್ಲರಿಗೂ ಬೇಕಾದಾಗ ಹೋಯಿತು. ಇದು ಹೇಗಾಯಿತು ಎಂಬ ಕಥೆಯಲ್ಲಿ ಇತಿಹಾಸವಿದೆ, ಒಂದಿಷ್ಟು ಗಣಿತವಿದೆ, ಭಾಷೆಯ ಚಮತ್ಕಾರವಿದೆ. ಬರಗಾಲದಲ್ಲಿ ಸತ್ತ ಲಕ್ಷಾಂತರ ಜನರ ನೆನಪೂ ಇದೆ.

ಎತ್ತಿನ ಹೆಜ್ಜೆಯ ಕಾಲ

ರೈಲಿಗೆ ಮೊದಲೂ ದಾವಣಗೆರೆ ವ್ಯಾಪಾರದ ಊರೇ. ಹೈದರಾಲಿ ಈ ಊರನ್ನು ಒಬ್ಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಆತ ವರ್ತಕರನ್ನು ಕರೆದು ನೆಲೆಗೊಳಿಸಿದ. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಗೆ ಬಂದು, ಇಲ್ಲಿಂದ ದೂರದ ತಮಿಳುನಾಡಿನ ವಾಲಾಜಾಪೇಟೆಗೆ ಹೋಗುತ್ತಿದ್ದವು. ಅಲ್ಲಿಂದ ಬಟ್ಟೆ, ಉಪ್ಪು ಮುಂತಾದವು ಹಿಂದಿರುಗಿ ಬರುತ್ತಿದ್ದವು. ದಾವಣಗೆರೆಯ ಕಂಬಳಿಗೂ ಹೆಸರಿತ್ತು.

ಇದೆಲ್ಲ ನಡೆಯುತ್ತಿದ್ದುದು ಎತ್ತಿನ ಬೆನ್ನ ಮೇಲೆ ಅಥವಾ ಬಂಡಿಯಲ್ಲಿ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರು, ಅಂದರೆ 160 ಮೈಲಿಗಿಂತ ತುಸು ಹೆಚ್ಚು. ಹೇರು ಹೊತ್ತ ಬಂಡಿ ದಿನಕ್ಕೆ 15 ಮೈಲಿ ನಡೆಯಿತೆಂದರೂ ಹನ್ನೊಂದು ದಿನದ ದಾರಿ. ದಾರಿಯಲ್ಲಿ ಹೊಳೆ ಅಡ್ಡ ಬಂದರೆ ಹರಿಗೋಲು, ಮಳೆ ಬಂದರೆ ಕೆಸರು. ಹರಿಹರದಲ್ಲಿ ತುಂಗಭದ್ರೆಗೆ ತಲಾ 60 ಅಡಿಯ 14 ಕಮಾನುಗಳ ಸೇತುವೆಯೊಂದು 1868ರಲ್ಲಿ ಮುಗಿಯಿತು. ಬೆಂಗಳೂರು–ಧಾರವಾಡ ಹೆದ್ದಾರಿಯ ಬಂಡಿಗಳು ಹೊಳೆ ತುಂಬಿದ್ದಾಗಲೂ ದಾಟುವಂತಾಯಿತು. ಆದರೆ ಎತ್ತು ಎತ್ತೇ. ಸೇತುವೆ ಕಟ್ಟಿದ ಮಾತ್ರಕ್ಕೆ ಅದು ವೇಗವಾಗಿ ನಡೆಯುವುದಿಲ್ಲ.

ಆ ಕಾಲದ ಅಳತೆಗಳೂ ನಡಿಗೆಗೂ ಮೈಗೂ ಅಂಟಿಕೊಂಡವೇ. ಹೆಬ್ಬೆರಳಿನಿಂದ ಕಿರುಬೆರಳಿಗೆ ಒಂದು ಗೇಣು. ಮೊಳಕೈಯಿಂದ ಬೆರಳ ತುದಿಗೆ ಒಂದು ಮೊಳ. ಎರಡೂ ಕೈ ಚಾಚಿದರೆ ಒಂದು ಮಾರು. ಕೂಗಿದರೆ ಕೇಳುವಷ್ಟು ದೂರ ಕೂಗಳತೆ. ದೂರದ ಪಯಣಕ್ಕೆ ಹರದಾರಿ, ಗಾವುದ. ಇವು ಸುಂದರವಾದ ಮಾತುಗಳು. ಆದರೆ ಒಬ್ಬನ ಮೊಳ ಇನ್ನೊಬ್ಬನ ಮೊಳವಲ್ಲ, ಒಂದು ಸಂತೆಯ ಸೇರು ಇನ್ನೊಂದು ಸಂತೆಯ ಸೇರಲ್ಲ. ಕೊಳ್ಳುವವನಿಗೂ ಮಾರುವವನಿಗೂ ಇದರಿಂದ ಜಗಳ ತಪ್ಪಿದ್ದಲ್ಲ.

ಇಂಥದೇ ಜಗಳ ಫ್ರಾನ್ಸಿನಲ್ಲಿ ವಿಪರೀತಕ್ಕೆ ಹೋದಾಗ ಅಲ್ಲಿನ ಕ್ರಾಂತಿಕಾರಿಗಳು ಒಂದು ಉಪಾಯ ಹೂಡಿದರು. ಅಳತೆ ಯಾವ ದೊರೆಯ ಕೈಕಾಲಿನದೂ ಆಗಬಾರದು, ಭೂಮಿಯದೇ ಆಗಲಿ ಎಂದರು. ಉತ್ತರ ಧ್ರುವದಿಂದ ಸಮಭಾಜಕ ವೃತ್ತದವರೆಗಿನ ದೂರದ ಒಂದು ಕೋಟಿಯಲ್ಲಿ ಒಂದು ಭಾಗವೇ ಮೀಟರು. 1792ರಿಂದ ಆರೇಳು ವರ್ಷ ಡಿಲಾಂಬರ್ ಮತ್ತು ಮೆಷೇನ್ ಎಂಬ ಇಬ್ಬರು ವಿಜ್ಞಾನಿಗಳು ಡಂಕರ್ಕಿನಿಂದ ಬಾರ್ಸಿಲೋನಾವರೆಗೆ ನೆಲ ಅಳೆದು ಲೆಕ್ಕ ಹಾಕಿದರು. ಅವರ ಮೀಟರಿನಲ್ಲಿ ಸುಮಾರು 0.2 ಮಿಲಿಮೀಟರು ಕಡಿಮೆಯಾಗಿದೆ ಎಂಬುದು ಆಮೇಲೆ ತಿಳಿಯಿತು. ಇನ್ನೂರು ವರ್ಷಗಳ ಹಿಂದಿನ ಉಪಕರಣಗಳಿಗೆ ಇದು ಬೆರಗಿನ ನಿಖರತೆಯೇ ಸರಿ.

ಅಗಲದ ಜಗಳ

ಈಗ ರೈಲಿಗೆ ಬರೋಣ. ಎರಡು ಹಳಿಗಳ ಒಳ ಅಂಚುಗಳ ನಡುವಿನ ಅಂತರಕ್ಕೆ ‘ಗೇಜು’ ಎಂದು ಹೆಸರು. ಕಿರುತೆರೆಯಲ್ಲಿ ಇದನ್ನು ತೋರಿಸುವುದು ಕಷ್ಟ. ಪಕ್ಕದಲ್ಲಿ ಹೋಲಿಕೆಗೆ ಏನೂ ಇಲ್ಲದಿದ್ದರೆ ಅಗಲದ ಹಳಿಯೂ ಕಿರಿದಾದ ಹಳಿಯೂ ಕ್ಯಾಮೆರಾಕ್ಕೆ ಒಂದೇ. ಆದರೆ ಗಾಡಿಯ ಗಾಲಿಗೆ ಮಾತ್ರ ಒಂದೇ ಅಲ್ಲ. ಒಂದು ಅಂಗುಲ ಹೆಚ್ಚುಕಡಿಮೆಯಾದರೂ ಅದು ಆ ಹಳಿಯ ಮೇಲೆ ಓಡಲಾರದು.

ಇಂಗ್ಲೆಂಡಿನಲ್ಲಿ ಜಾರ್ಜ್ ಸ್ಟೀಫನ್‌ಸನ್ ಗಣಿಬಂಡಿಗಳ ರೂಢಿಯನ್ನೇ ಹಿಡಿದು 4 ಅಡಿ 8½ ಅಂಗುಲದ ಹಳಿ ಹಾಕಿದ. ಬ್ರುನೆಲ್ ಎಂಬ ಇನ್ನೊಬ್ಬ ಮಹಾ ಇಂಜಿನಿಯರು, ವೇಗಕ್ಕೂ ಭದ್ರತೆಗೂ ಅಗಲವೇ ಮೇಲೆಂದು 7 ಅಡಿಗೆ ಹೋದ. ಈ ಎರಡು ಬಗೆಯ ಹಳಿಗಳು ಗ್ಲಾಸ್ಟರ್ ಎಂಬ ಊರಿನಲ್ಲಿ ಎದುರುಬದುರಾದವು. ಅಲ್ಲಿ ಪ್ರತಿಯೊಬ್ಬ ಪ್ರಯಾಣಿಕನೂ ಪ್ರತಿಯೊಂದು ಮೂಟೆಯೂ ಒಂದು ಗಾಡಿಯಿಂದಿಳಿದು ಇನ್ನೊಂದಕ್ಕೆ ಹತ್ತಬೇಕಾಯಿತು. ಬೇಸತ್ತ ಸರ್ಕಾರ 1846ರಲ್ಲಿ ಗೇಜಿಗೇ ಒಂದು ಕಾನೂನು ಮಾಡಿತು.

ಈ ಜಗಳದ ಸಮಯದಲ್ಲಿ ಇಂಗ್ಲೆಂಡಿನ ವ್ಯಾಪಾರ ಮಂಡಳಿಯ ಅಧ್ಯಕ್ಷನಾಗಿದ್ದವನು ಡಾಲ್‌ಹೌಸಿ. ಮುಂದೆ ಅವನೇ ಭಾರತಕ್ಕೆ ಗವರ್ನರ್ ಜನರಲ್ ಆಗಿ ಬಂದ. ಹಾಗಾಗಿ, ಇಲ್ಲಿ ಮೊದಲಿನಿಂದಲೂ ಒಂದೇ ಗೇಜು ಇರಬೇಕು ಎಂದು ಆತ ಪಟ್ಟು ಹಿಡಿದದ್ದು ಸಹಜವೇ. 5 ಅಡಿ 6 ಅಂಗುಲ, ಅಂದರೆ 1676 ಮಿಲಿಮೀಟರು, ಗೊತ್ತಾಯಿತು. 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ಓಡಿದ ಗಾಡಿಯ ಗೇಜು ಇದೇ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಬಂದ ಹಳಿಯೂ ಇದೇ.

ಒಳ್ಳೆಯ ತತ್ವ. ಆದರೆ ದುಬಾರಿ. ಅಗಲದ ಹಳಿಗೆ ಅಗಲದ ಏರಿ ಬೇಕು, ದಪ್ಪನೆಯ ಸೇತುವೆ ಬೇಕು, ಭಾರದ ಕಂಬಿ ಬೇಕು, ದೊಡ್ಡ ಎಂಜಿನ್ನು ಬೇಕು. ಹದಿನೈದು ವರ್ಷಗಳಲ್ಲಿ ಖಜಾನೆಯ ಮೇಲೆ ಹೊರೆ ಏರಿತು. 1869ರಲ್ಲಿ ವೈಸರಾಯ್ ಆಗಿ ಬಂದ ಲಾರ್ಡ್ ಮೇಯೋ, ಇದೇ ದುಡ್ಡಿನಲ್ಲಿ ಕಿರಿದಾದ ಹಳಿಯನ್ನು ಹೆಚ್ಚು ದೂರ ಹಾಕಬಾರದೇಕೆ ಎಂದು ಕೇಳಿದ. 1870ರಲ್ಲಿ ನಾಲ್ವರು ತಜ್ಞರ ಸಮಿತಿ ಕುಳಿತಿತು. ಮೂವರು 2 ಅಡಿ 9 ಅಂಗುಲ ಸಾಕೆಂದರು. ನಾಲ್ಕನೆಯವನಾದ ಜಾನ್ ಫೌಲರ್ 3 ಅಡಿ 6 ಅಂಗುಲ ಬೇಕೆಂದ. ಮೇಯೋ ನಡುವಿನ ದಾರಿ ಹಿಡಿದ, ಸುಮಾರು 3 ಅಡಿ 3 ಅಂಗುಲ.

ಆ ಹೊತ್ತಿಗೆ ಸರ್ಕಾರದ ಮೇಜಿನ ಮೇಲೆ ಇನ್ನೊಂದು ಕಡತವೂ ಇತ್ತು. ಅದು ಭಾರತದಲ್ಲಿ ಮೆಟ್ರಿಕ್ ಪದ್ಧತಿಯನ್ನು ತರುವ ಕಡತ. 1871ರ ಕಾನೂನಿನಲ್ಲಿ ಒಂದು ಜಾಣತನವಿತ್ತು. ಕಿಲೋಗ್ರಾಂ ತೂಕಕ್ಕೇ ‘ಸೇರು’ ಎಂಬ ಹಳೆಯ ಹೆಸರಿಟ್ಟು, ಜನ ಬೆದರದಂತೆ ಅದನ್ನು ರೂಢಿಗೆ ತರುವ ಯೋಚನೆ ಅದು. ಹೇಗೂ ಮೀಟರು ಬರಲಿದೆ, ಹೊಸ ಗೇಜು 3 ಅಡಿ 3 ಅಂಗುಲದ ಬದಲು ಸರಿಯಾಗಿ ಒಂದು ಮೀಟರೇ ಆಗಲಿ ಎಂದು ತೀರ್ಮಾನವಾಯಿತು. ಅಡಿ ಅಂಗುಲಗಳ ಲೆಕ್ಕದಲ್ಲಿ ಬರೆದುಕೊಂಡದ್ದು 3 ಅಡಿ 3⅜ ಅಂಗುಲ. ನೀವೇ ಗುಣಿಸಿ ನೋಡಿ. ಅದು 1000 ಮಿಲಿಮೀಟರಿಗಿಂತ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟು ಮಾತ್ರ ಹೆಚ್ಚು.

1872ರ ಫೆಬ್ರವರಿ 8ರಂದು ಅಂಡಮಾನಿನಲ್ಲಿ ಒಬ್ಬ ಕೈದಿಯ ಚೂರಿಗೆ ಮೇಯೋ ಬಲಿಯಾದ. ಮೆಟ್ರಿಕ್ ಕಾನೂನು ಜಾರಿಗೆ ಬರಲೇ ಇಲ್ಲ. ಆದರೆ ಆ ಕಾನೂನಿನ ನೆರಳಲ್ಲಿ ಹುಟ್ಟಿದ ಗೇಜು ಉಳಿಯಿತು. 1873ರಲ್ಲಿ ದೆಹಲಿ–ರೇವಾಡಿ ನಡುವೆ ಮೊದಲ ಮೀಟರ್ ಗೇಜ್ ಗಾಡಿ ಓಡಿತು. ಅಂದಿನಿಂದ ಭಾರತದ ರೈಲ್ವೆಯಲ್ಲಿ ಒಂದು ವಿಚಿತ್ರ ನೆಲೆಗೊಂಡಿತು. ಹಳಿಯ ಉದ್ದವನ್ನು ಮೈಲಿಯಲ್ಲಿ ಅಳೆಯುತ್ತಿದ್ದರು, ಅಗಲವನ್ನು ಮೀಟರಿನಲ್ಲಿ!

ಬರ ಹೇಳಿದ ಪಾಠ

ಇಷ್ಟನ್ನೇ ಕೇಳಿದರೆ, ಡಾಲ್‌ಹೌಸಿಯದು ದೂರದೃಷ್ಟಿ, ಮೇಯೋನದು ಜಿಪುಣತನ ಎಂದು ತೀರ್ಪು ಕೊಡಬೇಕೆನಿಸುತ್ತದೆ. ಅವಸರ ಬೇಡ. 1876–78ರ ಮೈಸೂರು ಸೀಮೆಯನ್ನು ಒಮ್ಮೆ ನೋಡಿ ಬರೋಣ.

ಮಳೆ ಕೈಕೊಟ್ಟಿತು. ಧಾನ್ಯ ಮುಗಿಯಿತು. ಹೊರಗಿನಿಂದ ಧಾನ್ಯ ತರಬಹುದಿತ್ತು, ಬೆಂಗಳೂರಿನವರೆಗೆ ರೈಲೂ ಇತ್ತು. ಆದರೆ ಬೆಂಗಳೂರಿನಾಚೆ? ತುಮಕೂರಿಗೆ, ಚಿತ್ರದುರ್ಗಕ್ಕೆ, ದಾವಣಗೆರೆಗೆ ಹಳಿಯಿಲ್ಲ, ಬಂಡಿಯೇ ಗತಿ. ಬಂಡಿ ಎಳೆಯಲು ಎತ್ತು ಬೇಕು, ಎತ್ತಿಗೆ ಮೇವು ಬೇಕು, ಮೇವಿಗೆ ಮಳೆ ಬೇಕು. ಹತ್ತು ಹನ್ನೊಂದು ದಿನದ ದಾರಿಯಲ್ಲಿ ಎಲ್ಲಿಯೂ ಹುಲ್ಲಿಲ್ಲದಿದ್ದರೆ ಎತ್ತು ಹೇರು ಎಳೆಯುವುದಿರಲಿ, ತಾನೇ ಉಳಿಯುವುದಿಲ್ಲ. ಬರಗಾಲ ಜನರ ಅನ್ನವನ್ನು ಮಾತ್ರ ಕಸಿಯಲಿಲ್ಲ, ಅನ್ನ ತರುವ ವಾಹನವನ್ನೂ ಕೊಂದಿತು.

ಎರಡು ಸಂಖ್ಯೆಗಳನ್ನು ನೋಡಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷಗಳ ನಂತರ, 1881ರಲ್ಲಿ, 41,86,188. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಜನಸಂಖ್ಯೆ 8,69,224ರಷ್ಟು ಕುಸಿದಿತ್ತು. ಈ ಸಂಖ್ಯೆಯನ್ನು ಓದಿ ಮುಂದಕ್ಕೆ ಹೋಗಿಬಿಡುವುದು ಸುಲಭ. ಒಂದು ಕ್ಷಣ ನಿಂತು ನೋಡಿದರೆ, ಸಂಸ್ಥಾನದ ಪ್ರತಿ ಆರು ಜನರಲ್ಲಿ ಒಬ್ಬರು ಲೆಕ್ಕದಿಂದ ಅಳಿಸಿಹೋಗಿದ್ದಾರೆ.

ಈ ಅನುಭವದ ನಂತರ 1880ರ ಬರಗಾಲ ಆಯೋಗ, ದೇಶದಲ್ಲಿ ತುರ್ತಾಗಿ ಇನ್ನೂ 5,000 ಮೈಲಿ ರೈಲು ಹಾದಿ ಬೇಕೆಂದಿತು. ಮೈಸೂರಿನಲ್ಲಂತೂ ಬರಪರಿಹಾರದ ಕೆಲಸವಾಗಿಯೇ ಬೆಂಗಳೂರು–ಮೈಸೂರು ಹಾದಿಯ ಮಣ್ಣುಕೆಲಸ ನಡೆಯಿತು. ಹಸಿದವರು ಕೂಲಿಗಾಗಿ ಹೊತ್ತು ಹಾಕಿದ ಮಣ್ಣಿನ ಏರಿಯ ಮೇಲೆ 1882ರ ಹೊತ್ತಿಗೆ ಗಾಡಿ ಮೈಸೂರು ಮುಟ್ಟಿತು. ಗೇಜು ಒಂದು ಮೀಟರು.

1881ರಲ್ಲಿ ಬ್ರಿಟಿಷರು ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಹಿಂದಿರುಗಿಸಿದಾಗ ಜೊತೆಗೆ 80 ಲಕ್ಷ ರೂಪಾಯಿಯ ಬರಗಾಲದ ಸಾಲವನ್ನೂ ಹಸ್ತಾಂತರಿಸಿದರು. ದಿವಾನ್ ರಂಗಾಚಾರ್ಲು, ಅವರ ನಂತರ ಬಂದ ಶೇಷಾದ್ರಿ ಅಯ್ಯರ್ ಇಬ್ಬರ ಮುಂದೆಯೂ ಇದ್ದ ಪ್ರಶ್ನೆ ಒಂದೇ. ಖಾಲಿ ಬೊಕ್ಕಸದಲ್ಲಿ ಹೆಚ್ಚು ಊರುಗಳಿಗೆ ಬೇಗ ಹಳಿ ಮುಟ್ಟಿಸುವುದು ಹೇಗೆ? ಅಗಲದ ಹಳಿಗೆ ಕಾದಿದ್ದರೆ ಇನ್ನೆಷ್ಟು ವರ್ಷ ಬೇಕಾಗುತ್ತಿತ್ತೋ. ಅಷ್ಟರಲ್ಲಿ ಇನ್ನೊಂದು ಬರ ಬಂದಿದ್ದರೆ? ಹಾಗೆ ನೋಡಿದರೆ ಕಿರಿದಾದ ಹಳಿ ಜಿಪುಣತನವಲ್ಲ, ಬಡವನ ಮುಂಜಾಗ್ರತೆ.

1889

1884ರಲ್ಲಿ ಹಳಿ ತುಮಕೂರು ದಾಟಿ ಗುಬ್ಬಿಗೆ ಬಂತು. ಮುಂದಕ್ಕೆ ಹಣವಿರಲಿಲ್ಲ. 1886ರಲ್ಲಿ ಸಂಸ್ಥಾನ ತನ್ನ ರೈಲನ್ನು ನಡೆಸುವ ಹೊಣೆಯನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಒಪ್ಪಿಸಿತು. ಮುಂದಿನ ಹಾದಿಯ ಬಂಡವಾಳ ಇಂಗ್ಲೆಂಡಿನಲ್ಲಿ ಎತ್ತಿದ ಸಾಲ. ತಿಪಟೂರು, ಅರಸೀಕೆರೆ, ಬೀರೂರು ದಾಟಿ, 1889ರಲ್ಲಿ ದಾವಣಗೆರೆಯ ಮೂಲಕ ಹಳಿ ಹರಿಹರ ತಲುಪಿತು.

ಹರಿಹರ ಗಡಿಯ ಊರು. ಹೊಳೆಯ ಈಚೆಗೆ ಮೈಸೂರು ಸಂಸ್ಥಾನ, ಆಚೆಗೆ ಮುಂಬಯಿ ಪ್ರಾಂತದ ರಾಣೆಬೆನ್ನೂರು. ಎರಡೂ ಕಡೆ ಮಾತು ಕನ್ನಡ, ಆಳ್ವಿಕೆ ಬೇರೆ ಬೇರೆ. ಆಚೆಯಿಂದ ಮರಾಠಾ ಕಂಪನಿಯ ಹಳಿ, ಈಚೆಯಿಂದ ಮೈಸೂರಿನ ಹಳಿ. ಎರಡರ ಅಗಲವೂ ಒಂದೇ ಮೀಟರಾದ್ದರಿಂದ ಗಾಡಿ ಹೊಳೆಯ ದಂಡೆಯಲ್ಲಿ ನಿಲ್ಲದೆ ಸಾಗುವಂತಾಯಿತು. 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ಹರಿಯೂ ಹರನೂ ಒಂದೇ ಮೂರ್ತಿಯಲ್ಲಿ ನಿಂತಿದ್ದಾರೆ. ಅದೇ ಊರಿನಲ್ಲಿ ಎರಡು ಕನ್ನಡ ಸೀಮೆಗಳನ್ನು ಹಳಿ ಬೆಸೆಯಿತು. ರಾಜ್ಯಗಳ ಏಕೀಕರಣವಾಗಲು ಇನ್ನೂ 67 ವರ್ಷ ಬೇಕಾಗಿತ್ತು.

ಇಲ್ಲಿ ಇನ್ನೊಂದು ಕಾಕತಾಳೀಯ. ಅದೇ 1889ರ ಸೆಪ್ಟೆಂಬರಿನಲ್ಲಿ ಪ್ಯಾರಿಸಿನಲ್ಲಿ ಅಳತೆ ತೂಕಗಳ ಮೊದಲ ಅಂತರರಾಷ್ಟ್ರೀಯ ಮಹಾಸಭೆ ಸೇರಿ, ಪ್ಲಾಟಿನಂ–ಇರಿಡಿಯಂ ಲೋಹದ ಒಂದು ಸರಳನ್ನು ಜಗತ್ತಿನ ಅಧಿಕೃತ ಮೀಟರ್ ಎಂದು ಒಪ್ಪಿಕೊಂಡಿತು. ಮೀಟರಿಗೆ ಪ್ಯಾರಿಸಿನಲ್ಲಿ ಪಟ್ಟಾಭಿಷೇಕವಾದ ವರ್ಷವೇ ಹರಿಹರಕ್ಕೂ ಅದರ ಪ್ರವೇಶ!

ತಿರುವಿನ ಗಣಿತ

ವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ಪುಟ್ಟ ಲೆಕ್ಕ. ರೈಲು ಹಾದಿ ಒಂದು ಕಡೆ ಬಾಗಿ ಪೂರ್ತಿ ಲಂಬಕೋನದಷ್ಟು, ಅಂದರೆ 90 ಡಿಗ್ರಿ ತಿರುಗಿತು ಎನ್ನಿ. ಹೊರಗಿನ ಹಳಿ ಒಳಗಿನ ಹಳಿಗಿಂತ ಎಷ್ಟು ಉದ್ದ?

ಹೊರ ಹಳಿಯ ತ್ರಿಜ್ಯ ಒಳ ಹಳಿಯ ತ್ರಿಜ್ಯಕ್ಕಿಂತ ಗೇಜಿನಷ್ಟು ಹೆಚ್ಚು. ಕಾಲು ವೃತ್ತದ ಉದ್ದ ತ್ರಿಜ್ಯದ 1.57ರಷ್ಟು. ಆದ್ದರಿಂದ ವ್ಯತ್ಯಾಸ, ಗೇಜನ್ನು 1.57ರಿಂದ ಗುಣಿಸಿದಷ್ಟು. ಮೀಟರ್ ಗೇಜಿನಲ್ಲಿ ಸುಮಾರು 1.57 ಮೀಟರು, ಬ್ರಾಡ್ ಗೇಜಿನಲ್ಲಿ ಸುಮಾರು 2.63 ಮೀಟರು. ತಿರುವು ದೊಡ್ಡದಿರಲಿ ಚಿಕ್ಕದಿರಲಿ, ಉತ್ತರ ಅಷ್ಟೇ. ತ್ರಿಜ್ಯ ಲೆಕ್ಕದಿಂದ ಹಾರಿಯೇ ಹೋಯಿತು!

ಇದರಿಂದೇನು? ರೈಲಿನ ಎರಡು ಗಾಲಿಗಳು ಒಂದೇ ಅಚ್ಚಿಗೆ ಬಿಗಿದಿರುತ್ತವೆ, ಜೊತೆಯಾಗಿಯೇ ಸುತ್ತಬೇಕು. ಆದರೆ ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಹೋಗಬೇಕು. ಅದಕ್ಕಾಗಿಯೇ ಗಾಲಿಯ ಅಂಚನ್ನು ಶಂಕುವಿನಂತೆ ಓರೆಯಾಗಿ ಮಾಡಿರುತ್ತಾರೆ. ತಿರುವಿನಲ್ಲಿ ಗಾಡಿ ಹೊರಕ್ಕೆ ಸರಿದಾಗ ಹೊರಗಾಲಿ ತನ್ನ ದಪ್ಪ ಭಾಗದ ಮೇಲೆ, ಒಳಗಾಲಿ ಸಣ್ಣ ಭಾಗದ ಮೇಲೆ ಉರುಳುತ್ತದೆ. ತಿರುವು ತೀರಾ ಬಿಗಿಯಾದರೆ ಈ ಉಪಾಯ ಸಾಲದು, ಗಾಲಿ ಜಾರಿ ಕಿರುಗುಟ್ಟುತ್ತದೆ. ಗೇಜು ಕಿರಿದಾದಷ್ಟೂ ಸರಿದೂಗಿಸಬೇಕಾದ ವ್ಯತ್ಯಾಸ ಕಡಿಮೆ, ಬಿಗಿಯಾದ ತಿರುವೂ ಸಾಧ್ಯ. ಗುಡ್ಡವನ್ನು ಕಡಿಯುವ ಬದಲು ಸುತ್ತಿ ಹೋಗಬಹುದು. ಕಿರಿದಾದ ಹಳಿ ಅಗ್ಗವಾದುದಕ್ಕೆ ಇದೂ ಒಂದು ಕಾರಣ.

ಮೀಟರು ಮತ್ತು ಮಾತ್ರೆ

ಈಗ ಭಾಷೆಯ ಕಡೆಗೆ ಒಂದು ಹೆಜ್ಜೆ. ‘ಮೀಟರ್’ ಎಂಬುದು ಗ್ರೀಕರ ‘ಮೆಟ್ರಾನ್’ ಎಂಬ ಪದದಿಂದ ಬಂದದ್ದು. ಅದರ ಅರ್ಥ ಅಳತೆ. ಸಂಸ್ಕೃತದಲ್ಲಿ ‘ಮಾ’ ಎಂಬ ಧಾತುವಿಗೂ ಅಳೆಯುವುದು ಎಂದೇ ಅರ್ಥ. ಅದರಿಂದ ಮಾನ, ಪ್ರಮಾಣ, ಮಾತ್ರೆ ಮುಂತಾದ ಮಾತುಗಳು. ಗ್ರೀಕಿನ ಪದವೂ ಸಂಸ್ಕೃತದ ಪದವೂ ಒಂದೇ ಮೂಲದ ಕವಲುಗಳೆಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಕನ್ನಡ ತರಗತಿಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿ ಮಾತ್ರೆ ಎಣಿಸುವಾಗಲೂ, ಗಣಿತ ತರಗತಿಯಲ್ಲಿ ಮೀಟರು ಎಣಿಸುವಾಗಲೂ ನೀವು ಒಂದೇ ಮನೆತನದ ಎರಡು ಮಕ್ಕಳನ್ನು ಕರೆಯುತ್ತಿದ್ದೀರಿ. ವೈದ್ಯರು ಕೊಡುವ ಮಾತ್ರೆಯೂ ಅದೇ ಕುಲದ್ದು, ಅಳತೆ ಮಾಡಿ ಕೊಟ್ಟ ಔಷಧ.

‘ರೈಲು’ ಎಂಬ ಮಾತಿನ ಪ್ರಯಾಣ ಇನ್ನೂ ತಮಾಷೆಯದು. ಇಂಗ್ಲಿಷಿನಲ್ಲಿ ಆ ಪದಕ್ಕೆ ಮೂಲದಲ್ಲಿ ಕಂಬಿ ಎಂದರ್ಥ. ನಮ್ಮಲ್ಲಿ ಕಂಬಿಯ ಹೆಸರು ಗಾಡಿಗೆ ಹೋಯಿತು. ಆಮೇಲೆ ಕಂಬಿಯನ್ನು ಗುರುತಿಸಲು ‘ರೈಲು ಹಳಿ’, ‘ರೈಲು ಕಂಬಿ’ ಎನ್ನಬೇಕಾಯಿತು. ಪಂಡಿತರು ‘ಉಗಿಬಂಡಿ’, ‘ಹೊಗೆಬಂಡಿ’ ಎಂದು ಸೊಗಸಾದ ಹೆಸರುಗಳನ್ನು ಕೊಟ್ಟರು. ಆದರೆ ಉಗಿ ಹೋಗಿ ಡೀಸೆಲ್ ಬಂತು, ಡೀಸೆಲ್ ನಂತರ ವಿದ್ಯುತ್ ಬಂತು. ಹೊಗೆಬಂಡಿಯಲ್ಲಿ ಹೊಗೆಯೇ ಇಲ್ಲವಾಯಿತು. ‘ರೈಲು’ ಮಾತ್ರ ಯಾವ ಕಾಲಕ್ಕೂ ಹೊಂದಿಕೊಂಡು ಓಡುತ್ತಿದೆ.

ಮೂಟೆ ಹೊತ್ತ ಬೆನ್ನುಗಳು

ಹಳಿ ಬಂದ ಮೇಲೆ ದಾವಣಗೆರೆಯ ವ್ಯಾಪಾರಕ್ಕೆ ರೆಕ್ಕೆ ಬಂತು. ಸುತ್ತಲಿನ ಕಪ್ಪು ನೆಲದ ಹತ್ತಿ ಇಲ್ಲಿಗೆ ಹರಿದು ಬಂತು. ಮುಂದೆ ನೂಲು, ಬಟ್ಟೆಯ ಗಿರಣಿಗಳು ಎದ್ದು ಊರು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿತು. ಹುಬ್ಬಳ್ಳಿ, ಲೋಂಡಾ ಮಾರ್ಗವಾಗಿ ಮುರಗಾಂವ್ ಬಂದರಿನವರೆಗೂ ಮೀಟರ್ ಗೇಜೇ ಇದ್ದುದರಿಂದ ಮೂಟೆ ಒಂದೇ ಡಬ್ಬಿಯಲ್ಲಿ ಕಡಲು ಕಾಣಬಹುದಿತ್ತು.

ಆದರೆ ಮದರಾಸಿನ ಕಡೆಗೆ ಹೋಗುವ ಮೂಟೆ? ಬೆಂಗಳೂರಿನಲ್ಲಿ ಒಂದು ಗೇಜು ಮುಗಿದು ಇನ್ನೊಂದು ಆರಂಭವಾಗುತ್ತದೆ. ಡಬ್ಬಿಯ ಬಾಗಿಲು ತೆರೆದು, ಒಂದೊಂದೇ ಮೂಟೆಯನ್ನು ಹಮಾಲರು ಬೆನ್ನ ಮೇಲೆ ಹೊತ್ತು ಪಕ್ಕದ ಹಳಿಯ ಡಬ್ಬಿಗೆ ತುಂಬಬೇಕು. ಹಾಗೆಯೇ ಉತ್ತರಕ್ಕೆ ಹೋದರೆ ಪುಣೆಯಲ್ಲಿ. ಪ್ರತಿ ಸಲವೂ ಒಂದಿಷ್ಟು ಸೋರಿಕೆ, ಒಂದಿಷ್ಟು ಒಡಕು, ಒಂದಿಷ್ಟು ಕಳವು, ಕೆಲವು ದಿನಗಳ ವಿಳಂಬ. ಎರಡು ಹಳಿಗಳ ನಡುವಿನ 676 ಮಿಲಿಮೀಟರಿನ ವ್ಯತ್ಯಾಸವನ್ನು ನೂರು ವರ್ಷ ಮನುಷ್ಯರ ಬೆನ್ನುಗಳು ತುಂಬಿಕೊಟ್ಟವು. ಡಾಲ್‌ಹೌಸಿ ಹೆದರಿದ್ದುದು ಇದಕ್ಕೇ.

ಹಾಗಾದರೆ ಸರಿ ಯಾರದು? 1870ರ ದುಡ್ಡಿನ ಲೆಕ್ಕದಲ್ಲಿ ಮೇಯೋನದು. ನೂರು ವರ್ಷದ ಕೂಲಿಯ ಲೆಕ್ಕದಲ್ಲಿ ಡಾಲ್‌ಹೌಸಿಯದು. ಆದರೆ 1877ರಲ್ಲಿ ದಾವಣಗೆರೆಯಲ್ಲಿ ಹಸಿದು ಕುಳಿತವನಿಗೆ, ಯಾವ ಗೇಜಾದರೂ ಸರಿ, ಹಳಿ ಬೇಗ ಬರಬೇಕಾಗಿತ್ತು. ಯಾವ ತೀರ್ಮಾನವನ್ನು ತೂಗುವಾಗಲೂ ತಕ್ಕಡಿಯಲ್ಲಿ ಯಾರನ್ನು ಕೂರಿಸಿದ್ದೇವೆ ಎಂಬುದನ್ನು ಇತಿಹಾಸದ ವಿದ್ಯಾರ್ಥಿ ಮೊದಲು ನೋಡಬೇಕು.

ಮೀಟರು ಊರೊಳಗೆ ಬಂತು

1956 ಎರಡು ಕೂಡಿಕೆಗಳ ವರ್ಷ. ನವೆಂಬರ್ 1ರಂದು ಕನ್ನಡ ಸೀಮೆಗಳು ಒಂದಾದವು. ಹರಿಹರದ ಹೊಳೆ ಗಡಿಯಾಗಿ ಉಳಿಯಲಿಲ್ಲ. ವರ್ಷದ ಕೊನೆಗೆ ಸಂಸತ್ತು ಅಳತೆ ತೂಕಗಳ ಕಾನೂನು ಮಾಡಿತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ 16 ಆಣೆ ಹೋಗಿ 100 ನಯಾ ಪೈಸೆ ಬಂತು. 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಕಿಲೋಗ್ರಾಂ, ಮೀಟರು, ಲೀಟರು ಬಂದವು. ಮೇಯೋನ ಕಡತ 85 ವರ್ಷ ತಡವಾಗಿ, ಸ್ವತಂತ್ರ ಭಾರತದ ಕೈಯಲ್ಲಿ ಜಾರಿಯಾಯಿತು.

ಈ ಬದಲಾವಣೆ ಕಾರ್ಖಾನೆಯ ಒಳಗೂ ತೊಡಕು ತಂದಿತು. ಹರಿಹರವನ್ನೇ ನೆನೆಯಿರಿ. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಗಿ ಲೇತ್ ಯಂತ್ರಗಳಿಗೆ ಊರು ಹೆಸರಾಯಿತು. ಆ ಕಾರ್ಖಾನೆ ಮುಚ್ಚಿ ವರ್ಷಗಳಾಗಿವೆ, ಆ ಮಾತು ಬೇರೆ. ಲೇತಿನಲ್ಲಿ ತಿರುಪಿನ ಎಳೆ ಕೊರೆಯುವಾಗ ಯಂತ್ರದ ಒಳಗಿನ ಮುಖ್ಯ ತಿರುಪು ಅಂಗುಲದ ಲೆಕ್ಕದ್ದಾಗಿದ್ದು, ಬೇಕಾದ ಎಳೆ ಮಿಲಿಮೀಟರಿನದಾದರೆ ಏನು ಮಾಡಬೇಕು? ಒಂದು ಅಂಗುಲ 25.4 ಮಿಲಿಮೀಟರು. ಇದನ್ನು ಭಿನ್ನರಾಶಿಯಾಗಿ ಬರೆದರೆ 127/5. ಈ 127 ಒಂದು ಅವಿಭಾಜ್ಯ ಸಂಖ್ಯೆ, ಯಾವುದರಿಂದಲೂ ಭಾಗವಾಗದು. ಆದ್ದರಿಂದ ನಿಖರವಾಗಿ ಎಳೆ ಬರಬೇಕಾದರೆ 127 ಹಲ್ಲುಗಳ ಒಂದು ವಿಶೇಷ ಚಕ್ರವನ್ನೇ ಜೋಡಿಸಬೇಕು. ಪಾಲಿಟೆಕ್ನಿಕ್ ಓದುವವರು ತಮ್ಮ ವರ್ಕ್‌ಶಾಪಿನಲ್ಲಿ ವಿಚಾರಿಸಲಿ. ಬ್ರಿಟಿಷರ ಅಂಗುಲಕ್ಕೂ ಫ್ರೆಂಚರ ಮೀಟರಿಗೂ ಸಂಧಾನ ಮಾಡಿಸುವ ದಲ್ಲಾಳಿ ಆ ಚಕ್ರ!

ಊರಿನ ಮಾತಿನಲ್ಲಿ ಸಂಧಾನ ಇನ್ನೂ ಮುಗಿದಿಲ್ಲ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಒಂದು ಸುತ್ತು ಹಾಕಿದರೆ ಸಾಕು. ನಿವೇಶನದ ಮಾತು ಬಂದರೆ ‘ಮೂವತ್ತು–ನಲವತ್ತು’, ಅಂದರೆ ಅಡಿ. ಬಟ್ಟೆ ಮೀಟರಿನಲ್ಲಿ. ಮಲ್ಲಿಗೆ ಮೊಳದಲ್ಲಿ. ಹೊಲ ಎಕರೆ ಗುಂಟೆಯಲ್ಲಿ. ಊರಿಂದೂರಿಗೆ ಕಿಲೋಮೀಟರಿನಲ್ಲಿ. ಬೇರೆ ಬೇರೆ ಕಾಲದ ಅಳತೆಗಳು ಒಂದೇ ರಸ್ತೆಯಲ್ಲಿ ಜಗಳವಿಲ್ಲದೆ ಬಾಳುತ್ತಿವೆ. ನಾಲಿಗೆ ಹೊಂದಿಕೊಳ್ಳುತ್ತದೆ, ಗಾಲಿಗೆ ಆ ಸ್ವಾತಂತ್ರ್ಯವಿಲ್ಲ.

ಹಳಿಯಿಂದ ಮೀಟರು ಹೊರಟಿತು

1991ರಲ್ಲಿ ಭಾರತದ ಸುಮಾರು 62 ಸಾವಿರ ಕಿಲೋಮೀಟರು ರೈಲು ಹಾದಿಯಲ್ಲಿ 23 ಸಾವಿರಕ್ಕೂ ಹೆಚ್ಚು ಮೀಟರ್ ಗೇಜೇ ಇತ್ತು. ಮರುವರ್ಷ ಇದನ್ನೆಲ್ಲ ಅಗಲಿಸುವ ಏಕಗೇಜು ಯೋಜನೆ ಆರಂಭವಾಯಿತು. ಆಗ ರೈಲ್ವೆ ಮಂತ್ರಿಯಾಗಿದ್ದವರು ಸಿ. ಕೆ. ಜಾಫರ್ ಷರೀಫ್. ಅವರ ಹುಟ್ಟೂರು ಚಳ್ಳಕೆರೆ, ಬರದ ಹೊಡೆತವನ್ನು ಚೆನ್ನಾಗಿ ಬಲ್ಲ ಚಿತ್ರದುರ್ಗ ಜಿಲ್ಲೆಯದು. ಅಂದು ದಾವಣಗೆರೆಯೂ ಅದೇ ಜಿಲ್ಲೆಗೆ ಸೇರಿತ್ತು, ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. 1990ರ ದಶಕದ ಮಧ್ಯಭಾಗದಲ್ಲಿ ಬೆಂಗಳೂರು–ಹುಬ್ಬಳ್ಳಿ ಹಾದಿಯ ಮೀಟರು ಹೋಗಿ 1676 ಮಿಲಿಮೀಟರು ಬಂತು. ಬೆಂಗಳೂರಿನಲ್ಲಿ ಮೂಟೆ ಇಳಿಸಿ ಹತ್ತಿಸುವ ಕೆಲಸ ನಿಂತಿತು. 2023ರ ಜೂನ್ 27ರಂದು ಆರಂಭವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ಗಾಡಿ ದಾವಣಗೆರೆಯಲ್ಲಿ ನಿಲ್ಲುತ್ತದೆ. ಎತ್ತಿನ ಹನ್ನೊಂದು ದಿನದ ದಾರಿ ಕೆಲವೇ ಗಂಟೆಗಳದಾಗಿದೆ. ಅದರ ಗಾಲಿಗಳು ಉರುಳುವುದು ಡಾಲ್‌ಹೌಸಿಯ ಕಾಲದ ಗೇಜಿನ ಮೇಲೆ, 5 ಅಡಿ 6 ಅಂಗುಲ!

ಮೀಟರಿನ ಅರ್ಥವೂ ಈ ನಡುವೆ ಬದಲಾಗಿದೆ. ಪ್ಯಾರಿಸಿನ ಲೋಹದ ಸರಳಿಗೆ 1960ರಲ್ಲಿ ನಿವೃತ್ತಿ. 1983ರಿಂದ, ಬೆಳಕು ನಿರ್ವಾತದಲ್ಲಿ ಒಂದು ಸೆಕೆಂಡಿನ 29,97,92,458ನೇ ಒಂದು ಭಾಗದಲ್ಲಿ ಸಾಗುವ ದೂರವೇ ಮೀಟರು.

ಗೇಜಿನ ಜಗಳ ಮುಗಿಯಿತೆಂದುಕೊಳ್ಳಬೇಡಿ. ಒಂದು ಮೊಬೈಲಿನ ಚಾರ್ಜರು ಇನ್ನೊಂದಕ್ಕೆ ಹೊಂದದೆ ಪರದಾಡಿದವರಿಗೆಲ್ಲ ಗ್ಲಾಸ್ಟರಿನ ನಿಲ್ದಾಣ ಎಂಥದೆಂದು ಗೊತ್ತು. ಯುರೋಪಿನ ಒಕ್ಕೂಟ 2024ರ ಕೊನೆಯಿಂದ ಒಂದೇ ಬಗೆಯ ಚಾರ್ಜರು ಕಡ್ಡಾಯ ಮಾಡಿದ್ದು 1846ರ ಕಾನೂನಿನ ಮರಿಮಗನೇ.

ನಿಮಗೊಂದು ಕೆಲಸ. ಅಳತೆ ಮಾಡಲು ಹಳಿಯ ಮೇಲೆ ಇಳಿಯುವುದು ಬೇಡ, ಅದು ಅಪಾಯ, ಅಪರಾಧವೂ ಹೌದು. ಮನೆಯ ಅಂಗಳದಲ್ಲೇ ಸುಣ್ಣದಿಂದ 1000 ಮಿಲಿಮೀಟರು ಅಂತರದ ಎರಡು ಗೆರೆ, ಪಕ್ಕದಲ್ಲಿ 1676 ಮಿಲಿಮೀಟರಿನ ಎರಡು ಗೆರೆ ಎಳೆಯಿರಿ. ನಡುವೆ ನಿಂತು ನೋಡಿ. ನಿಮ್ಮ ಮನೆಯ, ನಿಮ್ಮ ಕೇರಿಯ ಹಿರಿಯರಲ್ಲಿ ಮೀಟರ್ ಗೇಜಿನ ಗಾಡಿಯಲ್ಲಿ ಓಡಾಡಿದವರಿದ್ದಾರೆ. ಗೇಜು ಬದಲಾಗುವ ನಿಲ್ದಾಣದಲ್ಲಿ ಮೂಟೆ ಹೊತ್ತವರೂ ಇರಬಹುದು. ಅವರನ್ನು ಆ ಗೆರೆಗಳ ಬಳಿಗೆ ಕರೆದು ಕೇಳಿ, ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.